‘ಸರ್ವರ್ ಇಲ್ಲ’ ಅನ್ನುವುದಕ್ಕೂ ಒಂದು ನಂಬರ್ ಇರಲಿ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಈ ಮಾತು ಕೇಳದವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ? ಪಹಣಿಗೆ ಹೋಗಿ, ಆದಾಯ ಪ್ರಮಾಣಪತ್ರಕ್ಕೆ ಹೋಗಿ, ಪಿಂಚಣಿ ವಿಚಾರಿಸಲು ಹೋಗಿ, ಒಂದಲ್ಲ ಒಂದು ದಿನ ಕೇಳಿಯೇ ಇರುತ್ತೀರಿ. ಇದು ಒಂದು ಕಚೇರಿಯ ಕಥೆಯಲ್ಲ, ರಾಜ್ಯದ ಎಲ್ಲ ಕಡೆ ಇರುವ ಮಾತು. ಕೌಂಟರ್‌ನಲ್ಲಿ ಕೂತ ಹುಡುಗನನ್ನೋ ಹುಡುಗಿಯನ್ನೋ ಬೈದರೆ ಪ್ರಯೋಜನವಿಲ್ಲ. ಅವರಿಗೂ ಪರದೆ ಮೇಲೆ ಚಕ್ರ ತಿರುಗುವುದಷ್ಟೇ ಕಾಣುತ್ತದೆ.

ನನ್ನ ತಕರಾರು ಬೇರೆ. ಯಂತ್ರ ಅಂದಮೇಲೆ ಕೆಡುತ್ತದೆ, ಅದನ್ನು ಒಪ್ಪೋಣ. ಆದರೆ ಕೆಟ್ಟಿತು ಅನ್ನುವುದಕ್ಕೆ ಗುರುತು ಬೇಡವೇ?

ನಮ್ಮ ಅನುಗೊಂಡನಹಳ್ಳಿ ಹೋಬಳಿಗೆ ವೈಟ್‌ಫೀಲ್ಡ್ ದೂರವೇನಲ್ಲ. ನಮ್ಮ ಹುಡುಗರು, ಹೆಣ್ಣುಮಕ್ಕಳು ದಿನಾ ಆ ಕಡೆಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿನ ಗಾಜಿನ ಕಟ್ಟಡಗಳಲ್ಲೂ ಕಂಪ್ಯೂಟರ್ ಕೈಕೊಡುತ್ತದೆ. ವ್ಯತ್ಯಾಸ ಏನೆಂದರೆ, ಅಲ್ಲಿ ಕೈಕೊಟ್ಟಾಗ ಒಂದು ನಂಬರ್ ಸಿಗುತ್ತದೆ.

ದೊಡ್ಡ ಕಂಪನಿಗಳು ಬಳಸುವ ಶೇರ್‌ಪಾಯಿಂಟ್ ಅನ್ನುವ ತಂತ್ರಾಂಶ ಇದೆ. ಮೈಕ್ರೋಸಾಫ್ಟ್ ಕಂಪನಿ 2001ರಲ್ಲಿ ತಂದದ್ದು. ಪಂಚಾಯ್ತಿ ಕಚೇರಿಯ ಬೀರು, ನೋಟಿಸ್ ಬೋರ್ಡ್, ಟಪಾಲು ಪುಸ್ತಕ ಮೂರನ್ನೂ ಕಂಪ್ಯೂಟರ್ ಒಳಗೆ ಇಟ್ಟರೆ ಹೇಗಿರುತ್ತದೋ ಹಾಗೆ. ರಜೆ ಅರ್ಜಿ, ಬಿಲ್ಲು, ಕಡತ, ಒಪ್ಪಿಗೆ ಎಲ್ಲವೂ ಅದರಲ್ಲೇ ಓಡಾಡುತ್ತವೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕಡತ ಸಾಗಿಸಲು ಎನ್‌ಐಸಿ ರೂಪಿಸಿದ ಇ-ಆಫೀಸ್ ಇದೆಯಲ್ಲ, ಹೆಚ್ಚು ಕಡಿಮೆ ಅದೇ ಜಾತಿಯ ಕೆಲಸ.

ಶೇರ್‌ಪಾಯಿಂಟ್‌ನಲ್ಲಿ ಏನಾದರೂ ತಪ್ಪಾದರೆ ‘ಕ್ಷಮಿಸಿ, ತೊಂದರೆಯಾಗಿದೆ’ ಎಂಬ ಪುಟದ ಕೆಳಗೆ 32 ಅಂಕಿ-ಅಕ್ಷರಗಳ ಉದ್ದನೆಯ ಸಾಲು ಬರುತ್ತದೆ. ಅದಕ್ಕೆ ಕೋರಿಲೇಷನ್ ಐಡಿ ಅನ್ನುತ್ತಾರೆ. ಜೊತೆಗೆ ದಿನಾಂಕ, ಗಂಟೆ, ನಿಮಿಷ. ಸರ್ವರ್ ತನ್ನ ಒಳಗೆ ಒಂದು ದಿನಚರಿ ಬರೆದುಕೊಳ್ಳುತ್ತಿರುತ್ತದೆ, ಅದನ್ನು ಲಾಗ್ ಎನ್ನುತ್ತಾರೆ. ನೀವು ಗುಂಡಿ ಒತ್ತಿದಾಗಿನಿಂದ ಕೆಲಸ ನಿಂತುಹೋಗುವವರೆಗೆ ನಡೆದ ಪ್ರತಿ ಹೆಜ್ಜೆಯ ಮುಂದೆಯೂ ಅದೇ ನಂಬರ್ ಇರುತ್ತದೆ. ದುರಸ್ತಿ ಮಾಡುವವರು ಲಕ್ಷಾಂತರ ಸಾಲುಗಳ ನಡುವೆ ಆ ನಂಬರ್ ಹುಡುಕಿ, ಎಲ್ಲಿ ಎಡವಿತು ಅಂತ ನೋಡುತ್ತಾರೆ. ಹಾಗಾಗಿ ಈ ಕೆಲಸ ಕಲಿಯುವವರಿಗೆ ಹಳಬರು ಹೇಳುವ ಮೊದಲ ಪಾಠ ಇದು: ‘ವರ್ಕ್ ಆಗ್ತಿಲ್ಲ’ ಅಂದರೆ ಸಾಲದು, ನಂಬರ್ ಹೇಳು, ಸಮಯ ಹೇಳು, ಏನು ಒತ್ತಿದೆ ಹೇಳು.

ದನಕ್ಕೆ ಹುಷಾರಿಲ್ಲ ಅಂತ ಡಾಕ್ಟರಿಗೆ ಫೋನ್ ಮಾಡಿದರೆ ಅವರೂ ಇದನ್ನೇ ಕೇಳುತ್ತಾರೆ. ಯಾವಾಗಿಂದ? ಏನು ಮೇಯಿಸಿದಿರಿ? ಜ್ವರ ಇದೆಯಾ? ‘ಹುಷಾರಿಲ್ಲ’ ಅನ್ನುವ ಒಂದೇ ಮಾತಿಗೆ ಔಷಧಿ ಇರುವುದಿಲ್ಲ.

ಇದೇ ಕಸುಬಿನ ಇನ್ನೂ ಮೂರು ಪಾಠ ನಮ್ಮ ಕಚೇರಿಗಳಿಗೂ ಬೇಕಾದವು. ನಮ್ಮೂರಿನಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳೂ ಇದನ್ನು ನೆನಪಿಟ್ಟುಕೊಳ್ಳಲಿ.

ಒಂದು, ಮೂಲ ಕಂಬ ಕೊರೆಯಬೇಡಿ, ಪಕ್ಕದಲ್ಲಿ ಚಪ್ಪರ ಹಾಕಿ. ತಂತ್ರಾಂಶವನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸುವಾಗ ಅದರ ಜೊತೆ ಬಂದ ಮೂಲ ಫೈಲುಗಳನ್ನೇ ತಿದ್ದಿದರೆ, ಮುಂದಿನ ಅಪ್‌ಡೇಟ್ ಬಂದ ದಿನ ತಿದ್ದಿದ್ದೆಲ್ಲ ಅಳಿಸಿಹೋಗಬಹುದು. ಬದಲಾವಣೆ ಪ್ರತ್ಯೇಕವಾಗಿರಬೇಕು, ಮೊದಲು ಬೇರೆ ಜಾಗದಲ್ಲಿ ಪರೀಕ್ಷೆ ಆಗಬೇಕು. ಸೋಮವಾರ ಬೆಳಗ್ಗೆ ಜನ ಸಾಲಿನಲ್ಲಿ ನಿಂತಿರುವಾಗ ಅವರ ಅರ್ಜಿಗಳ ಮೇಲೆ ಪ್ರಯೋಗ ಮಾಡಬಾರದು.

ಎರಡು, ಪಟ್ಟಿ ದೊಡ್ಡದಾದರೆ ಸೂಚಿ ಮಾಡಿ. ಶೇರ್‌ಪಾಯಿಂಟ್ ಪಟ್ಟಿಯಲ್ಲಿ ಒಮ್ಮೆಗೆ 5,000ಕ್ಕಿಂತ ಹೆಚ್ಚು ದಾಖಲೆ ಜಾಲಾಡಲು ಹೋದರೆ ಅದು ತಡೆಯುತ್ತದೆ. ಗಾಬರಿಬಿದ್ದು ಹಳೆಯದನ್ನು ಅಳಿಸುವವರಿದ್ದಾರೆ. ಅಳಿಸಬೇಕಿಲ್ಲ. ಊರ ಹೆಸರಿನ ಕಾಲಂಗೋ ವರ್ಷದ ಕಾಲಂಗೋ ಇಂಡೆಕ್ಸ್ ಮಾಡಿ, ಬೇಕಾದ್ದಷ್ಟನ್ನೇ ಸೋಸಿ ತೆಗೆದರೆ ಆಯಿತು. ಹಳೇ ಶಾನುಭೋಗರ ಕಾಲದ ಲೆಕ್ಕದ ಪುಸ್ತಕದಲ್ಲೂ ಎಲ್ಲ ಹಾಳೆ ಮಗುಚುತ್ತಿರಲಿಲ್ಲ, ಬೇಕಾದ ಸರ್ವೆ ನಂಬರಿನ ಪುಟಕ್ಕೇ ಹೋಗುತ್ತಿದ್ದರು.

ಮೂರು, ಊರಿಗೆ ಹೊಂದಿಸಿ. ಹೊಸ ಸೈಟ್ ಎಷ್ಟೋ ಸಲ ಅಮೆರಿಕದ ಸಮಯ, ಅಮೆರಿಕದ ದಿನಾಂಕ ಇಟ್ಟುಕೊಂಡೇ ಬರುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಬೆಳಗ್ಗೆ 10 ಗಂಟೆಗೆ ಹಾಕಿದ ಅರ್ಜಿ ಹಿಂದಿನ ದಿನದ ರಾತ್ರಿ ಹಾಕಿದಂತೆ ಕಾಣುತ್ತದೆ. 05/06 ಅಂದರೆ ನಮಗೆ ಜೂನ್ 5, ಅಲ್ಲಿ ಮೇ 6. ಇನ್ನು ‘ಸರ್‌ನೇಮ್ ಕಡ್ಡಾಯ’ ಅನ್ನುವ ಫಾರಂ ನೋಡಿ. ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಬಹಳ ಜನಕ್ಕೆ ಸರ್‌ನೇಮ್ ಅನ್ನುವುದೇ ಇಲ್ಲ. ಆ ಖಾನೆಯಲ್ಲಿ ಒಬ್ಬರು ಚುಕ್ಕಿ ಇಡುತ್ತಾರೆ, ಇನ್ನೊಬ್ಬರು ಅಪ್ಪನ ಹೆಸರು ಬರೆಯುತ್ತಾರೆ. ಮುಂದೆ ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಒಂದು ಅಂತ ಅಲೆಯುವವರು ನಾವು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಾಗದವೂ ಹಾಗೆಯೇ. ಯೂನಿಕೋಡ್‌ಗೆ ಪರಿವರ್ತಿಸದೆ ಏರಿಸಿದರೆ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಕಡತ ಒಳಗೇ ಇರುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಈಗ ನಂಬರಿನ ವಿಷಯಕ್ಕೆ ಮರಳೋಣ, ಏಕೆಂದರೆ ನಮ್ಮ ಹಕ್ಕು ನಿಂತಿರುವುದು ಅಲ್ಲೇ.

ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ನಂಬರ್ ಕೊಡಬೇಕು. ಗೊತ್ತುಪಡಿಸಿದ ದಿನಗಳಲ್ಲಿ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಒಳ್ಳೆಯ ಕಾಯ್ದೆ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ದಾಖಲಾದ ಮೇಲೆ. ಸರ್ವರ್ ಇಲ್ಲ ಅಂದ ದಿನ ಅರ್ಜಿಯೇ ಒಳಗೆ ಹೋಗುವುದಿಲ್ಲ, ನಂಬರ್ ಬರುವುದಿಲ್ಲ, ಗಡಿಯಾರ ಓಡುವುದಿಲ್ಲ. ಮೂರು ದಿನ ಕೂಲಿ ಬಿಟ್ಟು, ಆಟೋಗೆ ಕಾಸು ಕೊಟ್ಟು ಓಡಾಡಿದ ಅಜ್ಜಿ ಸರ್ಕಾರದ ಲೆಕ್ಕದಲ್ಲಿ ಬಂದೇ ಇಲ್ಲ. ಅವರ ಮೂರು ದಿನಕ್ಕೆ ಎಲ್ಲೂ ದಾಖಲೆ ಇಲ್ಲ.

‘ನಂಬರ್ ಕೊಟ್ಟುಬಿಟ್ಟರೆ ಸರ್ವರ್ ಬಂದುಬಿಡುತ್ತಾ ಸ್ವಾಮಿ?’ ಅಂತ ಕೇಳುವವರಿದ್ದಾರೆ. ಆ ಕ್ಷಣಕ್ಕೆ ಬರುವುದಿಲ್ಲ ನಿಜ. ಆದರೆ ಕಾರಣ ಸಿಗುತ್ತದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ದಿನಗಟ್ಟಲೆ ತಡವರಿಸಿದ್ದು ನಿಮಗೆ ನೆನಪಿರಬಹುದು. ಮೊದಲು ಎಲ್ಲರ ಬಾಯಲ್ಲೂ ‘ಸರ್ವರ್ ಡೌನ್’ ಅಷ್ಟೇ. ಆಮೇಲೆ ಪರಿಶೀಲಿಸಿದಾಗ, ನಕಲಿ ಖಾತೆಗಳನ್ನು ಮಾಡಿಕೊಂಡು ಇ.ಸಿ. ಹುಡುಕುವ ನೆಪದಲ್ಲಿ ಬೇಕಂತಲೇ ಮನವಿಗಳನ್ನು ಸುರಿದಿದ್ದಾರೆ, ಇದು ದಾಳಿ ಅಂತ ಸರ್ಕಾರವೇ ಹೇಳಿತು. ಸೈಬರ್ ಪೊಲೀಸರಿಗೆ ದೂರೂ ಹೋಯಿತು. ಯಾವ ಖಾತೆಯಿಂದ, ಯಾವಾಗ, ಎಷ್ಟು ಅನ್ನುವ ದಾಖಲೆ ಇಲ್ಲದೆ ಇಂಥದ್ದು ಪತ್ತೆಯಾಗುವುದಿಲ್ಲ. ದಾಖಲೆ ಇಲ್ಲದಿದ್ದರೆ ದಾಳಿಯೂ ಒಂದೇ, ವೈರ್ ಕಿತ್ತುಹೋದದ್ದೂ ಒಂದೇ, ಸುಮ್ಮನೆ ಸಬೂಬು ಹೇಳಿದ್ದೂ ಒಂದೇ.

ಇನ್ನೊಂದು ವಾದ, ದೋಷದ ವಿವರ ತೋರಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತೆ ಅನ್ನುವುದು. ಸರಿಯಾದ ಮಾತೇ. ಅದಕ್ಕೇ ನಂಬರ್ ಸಾಕು ಅನ್ನುತ್ತಿರುವುದು. ಒಳಗಿನ ಗುಟ್ಟು ಲಾಗ್‌ನಲ್ಲಿ ಭದ್ರವಾಗಿರಲಿ, ಜನರ ಕೈಗೆ ಬರೀ ನಂಬರ್ ಮತ್ತು ಸಮಯ ಬರಲಿ.

ಸರ್ಕಾರ ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಜನ ಬಳಸುವ ಪ್ರತಿಯೊಂದು ತಂತ್ರಾಂಶವೂ ಕೆಟ್ಟಾಗ ಕನ್ನಡದಲ್ಲಿ ಒಂದು ಸಾಲು, ಒಂದು ದೋಷದ ನಂಬರ್, ಸಮಯ ತೋರಿಸಲಿ. ಪ್ರತಿ ಕೌಂಟರ್‌ನಲ್ಲಿ ‘ಸರ್ವರ್ ಇಲ್ಲದ ದಿನದ ಪುಸ್ತಕ’ ಇಡಲಿ. ಅದರಲ್ಲಿ ಬಂದವರ ಹೆಸರು, ಕೆಲಸ, ದೋಷದ ನಂಬರ್ ಬರೆದು, ಕಾಗದದ ಅರ್ಜಿ ಪಡೆದು ಸೀಲು ಹಾಕಿ ಕೊಡಲಿ. ಸಕಾಲದ ದಿನಗಳನ್ನು ಆ ಸೀಲಿನ ದಿನಾಂಕದಿಂದಲೇ ಎಣಿಸಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಸರ್ವರ್ ಇಲ್ಲ ಅಂದರೆ ಜಗಳ ಬೇಡ. ‘ಅಕ್ಕಾ, ಪರದೆ ಮೇಲೆ ಏನು ಬರ್ತಿದೆ, ಸ್ವಲ್ಪ ಓದಿ ಹೇಳಿ’ ಅಂತ ಕೇಳಿ, ದಿನಾಂಕ-ಗಂಟೆ ಸಮೇತ ಬರೆದುಕೊಳ್ಳಿ. ನಿಮ್ಮದೇ ಮೊಬೈಲಿನಲ್ಲಿ ಅರ್ಜಿ ಹಾಕುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಧಾರ್ ನಂಬರ್, ಓಟಿಪಿ ಕಾಣುವ ಚಿತ್ರವನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮತ್ತೆ ಮತ್ತೆ ಹೀಗಾದರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ, ಬರೆದಿಟ್ಟದ್ದನ್ನು ಓದಿ ಹೇಳಿ. ದೂರಿನ ನಂಬರ್ ಪಡೆಯದೆ ಫೋನ್ ಇಡಬೇಡಿ.

ವೈಟ್‌ಫೀಲ್ಡ್‌ನಲ್ಲಿ ಒಬ್ಬ ನೌಕರನ ರಜೆ ಅರ್ಜಿ ನಿಂತುಹೋದರೂ ಅದಕ್ಕೆ ನಂಬರ್ ಇದೆ. ನಮ್ಮ ಹೋಬಳಿಯ ಅಜ್ಜಿಯ ಪಿಂಚಣಿ ಅರ್ಜಿಗೂ ಅಷ್ಟು ಬೆಲೆ ಇರಲಿ.