ಗುರಿ ಮುಟ್ಟಿದ ಮೇಲೆ ನಕ್ಷೆ ಯಾರ ಕೈಯಲ್ಲಿರಬೇಕು?

ಓರಿಯೆಂಟಿಯರಿಂಗ್ ಎಂಬ ಆಟದಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ಸ್ಪರ್ಧಿಯ ಕೈಯಲ್ಲಿ ಒಂದು ನಕ್ಷೆ ಮತ್ತು ಒಂದು ದಿಕ್ಸೂಚಿ ಇರುತ್ತವೆ. ನಕ್ಷೆಯಲ್ಲಿ ಗುರುತಿಸಿದ ತಾಣಗಳಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಬಾವುಟಗಳನ್ನು ಇರಿಸಿರುತ್ತಾರೆ. ಅವನ್ನು ಹುಡುಕಿ, ಮುಟ್ಟಿ, ಗಡುವಿನೊಳಗೆ ಹಿಂದಿರುಗಬೇಕು. ಯಾವ ಹಳ್ಳವನ್ನು ಇಳಿಯಬೇಕು, ಯಾವ ದಿಣ್ಣೆಯನ್ನು ಬಳಸಬೇಕು, ಯಾವ ಬಂಡೆಯ ಬೆನ್ನಿನ ಮೇಲೆ ನಡೆಯಬೇಕು ಎಂಬುದು ಸ್ಪರ್ಧಿಯ ವಿವೇಚನೆಗೆ ಬಿಟ್ಟದ್ದು. 1919ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಬಳಿ ಅರ್ನ್‌ಸ್ಟ್ ಕಿಲಾಂಡರ್ ಎಂಬ ಸೇನಾಧಿಕಾರಿ ಏರ್ಪಡಿಸಿದ ಓಟದಿಂದ ಈ ಆಟ ಜನಪ್ರಿಯವಾಯಿತು. 1976ರಲ್ಲಿ ಆಸ್ಟ್ರೇಲಿಯದವರು ಇದರ ದೀರ್ಘ ರೂಪವೊಂದಕ್ಕೆ ರೋಗೇನಿಂಗ್ ಎಂದು ಹೆಸರಿಟ್ಟರು. ಅದರ ಪೂರ್ಣಾವಧಿ 24 ಗಂಟೆ. ಇಬ್ಬರಿಂದ ಐವರ ತಂಡ ಹಗಲೂ ರಾತ್ರಿ ಜೊತೆಗೇ ಇರಬೇಕು, ಒಬ್ಬರನ್ನು ಹಿಂದೆ ಬಿಟ್ಟು ಇನ್ನೊಬ್ಬರು ಮುಂದೆ ಹೋಗುವಂತಿಲ್ಲ. ಉಪಗ್ರಹದ ನೆರವಿನಿಂದ ದಾರಿ ಹೇಳುವ ಉಪಕರಣಗಳಿಗೆ ಅಲ್ಲಿ ಪ್ರವೇಶವಿಲ್ಲ.

ಇಂಥ ಓಟವನ್ನು ಮೊದಲ ಬಾರಿಗೆ ಪೂರ್ಣಗೊಳಿಸುವುದು ಸಣ್ಣ ಸಾಧನೆಯಲ್ಲ. ಕಾಲಿನ ಬಲ ಇದ್ದವರೂ ದಿಕ್ಕು ತಪ್ಪಿ ಸೋಲುತ್ತಾರೆ. ನಿಧಾನವಾಗಿ ನಡೆದರೂ ನೆಲವನ್ನು ಸರಿಯಾಗಿ ಓದಿದವರು ಹೊತ್ತಿಗೆ ಮುನ್ನ ಹಿಂದಿರುಗುತ್ತಾರೆ. ಆದರೆ ‘ಪೂರ್ಣಗೊಳಿಸುವುದು’ ಎಂಬ ಮಾತಿಗೆ ಅರ್ಥವೇನು ಎಂಬುದನ್ನು ಬೆಟ್ಟದ ಸೀಮೆಯ ಜನ ಕೇಳಬೇಕಾದ ಕಾಲ ಬಂದಿದೆ. ಪದಕ ಕೊರಳಿಗೆ ಬಿದ್ದಾಗ ಓಟ ಮುಗಿಯಿತೆ? ಅಥವಾ ಓಡುವಾಗ ಕಂಡದ್ದನ್ನು ಆ ನೆಲದವರಿಗೆ ಒಪ್ಪಿಸಿದಾಗ ಮುಗಿಯುತ್ತದೆಯೆ?

ಈ ಪ್ರಶ್ನೆಯನ್ನು ಕೇಳುವುದಕ್ಕೆ ರಾಮನಗರದ ಬೆಟ್ಟಗಳಿಗಿಂತ ತಕ್ಕ ಜಾಗ ಬೇರೆ ಸಿಗದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಿಟ್ಟಿತು. ಹೆಸರು ನಗರದ ಕಡೆಗೆ ವಾಲಿದರೂ ನೆಲದ ಸ್ವಭಾವ ಬದಲಾಗಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಗ್ರಾನೈಟ್ ಶಿಲೆ ಇಲ್ಲಿ ತಲೆಯೆತ್ತಿ ನಿಂತಿದೆ. ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ರಾಮನಗರಕ್ಕೆ ಬಂದಿದ್ದ ಹಳೆಯ ಹೆಸರು. ರಾಮದೇವರ ಬೆಟ್ಟ, ರೇವಣಸಿದ್ದೇಶ್ವರ ಬೆಟ್ಟ, 1,226 ಮೀಟರ್ ಎತ್ತರದ ಸಾವನದುರ್ಗ, ಕನಕಪುರದ ಕಬ್ಬಾಳದುರ್ಗ ಮತ್ತು ಬಿಳಿಕಲ್ ರಂಗಸ್ವಾಮಿ ಬೆಟ್ಟ ಎಲ್ಲವೂ ಈ ಸೀಮೆಯವೇ. ಬೋಳು ಬಂಡೆ, ಅದರ ಸೀಳಿನಲ್ಲಿ ದೊಣೆ, ಬುಡದಲ್ಲಿ ಕುರುಚಲು ಕಾಡು, ನಡುವೆ ಹಳ್ಳ, ಹಳ್ಳದಾಚೆ ರಾಗಿಯ ಹೊಲ. ನಕ್ಷೆ ಹಿಡಿದು ನಡೆಯುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಅಂಗಳ ಸಿಕ್ಕಲಾರದು. ಬೆಂಗಳೂರು ಇಷ್ಟು ಹತ್ತಿರವಿರುವಾಗ, ಚಾರಣಿಗರು ಮತ್ತು ಬಂಡೆ ಏರುವವರು ಈಗಾಗಲೇ ಬರುತ್ತಿರುವಾಗ, ದೀರ್ಘ ಓಟಗಳನ್ನು ನಡೆಸುವವರೂ ಇತ್ತ ನೋಡುವುದು ಸಹಜ.

ಹೊರಗಿನವರ ಕಣ್ಣಿಗೆ ಈ ಬೆಟ್ಟಗಳು ಬಹುಕಾಲದಿಂದ ಬರಿಯ ಹಿನ್ನೆಲೆಯಾಗಿವೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳೆಂದು ದೇಶವೆಲ್ಲ ಇವನ್ನು ಗುರುತಿಸುತ್ತದೆ. ಆ ಬಂಡೆಗಳ ಕೆಳಗೆ ಊರುಗಳಿವೆ, ಗೋಮಾಳಗಳಿವೆ ಎಂಬುದು ತೆರೆಯ ಮೇಲೆ ಕಾಣಲಿಲ್ಲ. ನಕ್ಷೆಯ ಓಟಕ್ಕೂ ಇದೇ ಗತಿಯಾದರೆ ಅದು ಮತ್ತೊಂದು ಚಿತ್ರೀಕರಣವಾದೀತು, ಅಷ್ಟೆ.

ಆದರೆ ಈ ಆಟದಲ್ಲಿ ಬೇರೆ ಆಟಗಳಿಗಿಲ್ಲದ ಒಂದು ಗುಣವಿದೆ. ಇಲ್ಲಿ ಸ್ಪರ್ಧಿ ನೆಲವನ್ನು ನಕ್ಷೆಯೊಡನೆ ಹೆಜ್ಜೆ ಹೆಜ್ಜೆಗೂ ತಾಳೆ ನೋಡಲೇಬೇಕು. ಸರ್ವೆ ಆಫ್ ಇಂಡಿಯಾ ಸಂಸ್ಥೆಯ ಹಳೆಯ ಕ್ರಮಸಂಖ್ಯೆಯಲ್ಲಿ ಈ ಸೀಮೆ 57 ಎಚ್ ಎಂಬ ಭಾಗಕ್ಕೆ ಸೇರುತ್ತದೆ. ಒಂದಕ್ಕೆ ಐವತ್ತು ಸಾವಿರ ಪ್ರಮಾಣದ ಆ ಹಾಳೆಗಳಲ್ಲಿ ಬೆಟ್ಟವೆಂದರೆ ಒಂದರೊಳಗೊಂದು ಸುತ್ತಿಕೊಂಡ ಕಂದು ಬಣ್ಣದ ಸಮೋನ್ನತಿ ರೇಖೆಗಳು. ಆ ಸುತ್ತುಗಳನ್ನು ನಂಬಿ ಒಬ್ಬ ಹೊಸ ಸ್ಪರ್ಧಿ ದಿಣ್ಣೆಯೊಂದರ ನೆತ್ತಿಯನ್ನು ಹುಡುಕಿಕೊಂಡು ಹೊರಡುತ್ತಾನೆ ಎನ್ನೋಣ. ದಿಕ್ಸೂಚಿ ಸರಿಯಾಗಿದೆ, ಎಣಿಸಿದ ಹೆಜ್ಜೆಗಳೂ ಸರಿಯಾಗಿವೆ. ಆದರೆ ದಿಣ್ಣೆ ಇರಬೇಕಾದಲ್ಲಿ ದಿಣ್ಣೆಯಿಲ್ಲ. ಅಲ್ಲಿರುವುದು ನೆಟ್ಟಗೆ ಕೊರೆದ ಕಲ್ಲುಗಣಿಯ ಗುಂಡಿ ಮತ್ತು ಅದರ ತಳದಲ್ಲಿ ಹಸಿರುಗಟ್ಟಿದ ನೀರು. ಹೊಸಬ ತಾನೇ ದಾರಿ ತಪ್ಪಿದೆನೆಂದು ಮೊದಲು ತನ್ನನ್ನೇ ಅನುಮಾನಿಸುತ್ತಾನೆ. ಹಳಬರು ಹೇಳುವ ಪಾಠ ಬೇರೆ: ನಕ್ಷೆಗೂ ನೆಲಕ್ಕೂ ಜಗಳ ಬಂದಾಗ ನೆಲವನ್ನೇ ನಂಬಬೇಕು.

ನೆಲವನ್ನು ನಂಬುವುದೆಂದರೆ ಬೆಟ್ಟವೊಂದು ಕಾಣೆಯಾಗಿದೆ ಎಂದು ಒಪ್ಪಿಕೊಳ್ಳುವುದು. ಈ ನಾಲ್ಕು ತಾಲ್ಲೂಕುಗಳಲ್ಲಿ ಗ್ರಾನೈಟ್ ಚಪ್ಪಡಿಗಾಗಿ, ಜಲ್ಲಿಗಾಗಿ, ಎಂ-ಸ್ಯಾಂಡಿಗಾಗಿ ಬಂಡೆ ಒಡೆಯುವುದು ಯಾರಿಗೂ ತಿಳಿಯದ ಗುಟ್ಟಲ್ಲ. ಬೆಂಗಳೂರಿನ ಒಂದೊಂದು ಮಹಡಿ ಏರಿದಾಗಲೂ ಎಲ್ಲಿಯೋ ಒಂದು ಸಮೋನ್ನತಿ ರೇಖೆ ಅಳಿಸಿಹೋಗುತ್ತದೆ. ಕಡಿದ ಕಾಡನ್ನು ಮತ್ತೆ ಬೆಳೆಸಬಹುದು, ಬತ್ತಿದ ಕೆರೆ ಒಂದು ಒಳ್ಳೆಯ ಮಳೆಗೆ ತುಂಬಬಹುದು. ಒಡೆದ ಬಂಡೆಯನ್ನು ಮತ್ತೆ ಕೂಡಿಸುವ ವಿದ್ಯೆ ಯಾವ ಇಲಾಖೆಯಲ್ಲಿಯೂ ಇಲ್ಲ. ಬಂಡೆ ಹೋದಾಗ ಅದರ ಇಳಿಜಾರಿನಿಂದ ಕೆರೆಗೆ ಹರಿಯುತ್ತಿದ್ದ ನೀರಿನ ದಿಕ್ಕೂ ಬದಲಾಗುತ್ತದೆ. ಹೀಗಿರುವಾಗ ಸ್ಪರ್ಧಿಯೊಬ್ಬ ಆ ಗುಂಡಿಯ ಅಂಚನ್ನು ಬಳಸಿ ಮುಂದಿನ ಬಾವುಟಕ್ಕೆ ಓಡಿ, ಸಂಜೆ ಪದಕ ತೊಟ್ಟು ಮನೆಗೆ ಹೋದರೆ ಅವನು ಓಟವನ್ನು ಮುಗಿಸಿದಂತಾಗಲಿಲ್ಲ. ನೆಲವನ್ನು ಓದುವ ಆಟದಲ್ಲಿ ಬಹುಮುಖ್ಯವಾದ ಸಾಲನ್ನೇ ಅವನು ಓದದೆ ಬಿಟ್ಟ.

ನಕ್ಷೆಯ ಚರಿತ್ರೆಯನ್ನೂ ಇಲ್ಲಿ ನೆನೆಯಬೇಕು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಗೆದ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಕಾಲಿನ್ ಮೆಕೆಂಜಿಗೆ ಒಪ್ಪಿತವಾಯಿತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರ ರೇಖೆಯನ್ನು ಅಳೆದ. ಗೆದ್ದ ನೆಲವನ್ನು ಹಿಡಿತದಲ್ಲಿಟ್ಟುಕೊಳ್ಳಲು ನಕ್ಷೆ ಬೇಕಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆಯೂ ಸಾಮಾನ್ಯ ಜನರಿಗೆ ಒಳ್ಳೆಯ ನಕ್ಷೆಗಳು ಸುಲಭವಾಗಿ ಸಿಗಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣಾ ಸರಣಿಯನ್ನು ಬೇರ್ಪಡಿಸಿ ಸಾರ್ವಜನಿಕರಿಗಾಗಿ ಮುಕ್ತ ಸರಣಿಯನ್ನು ತಂದಿತು. 2021ರ ಮಾರ್ಗಸೂಚಿಗಳು ನಕ್ಷೆ ತಯಾರಿಸುವ ಮತ್ತು ಬಳಸುವ ಕಟ್ಟುಪಾಡುಗಳನ್ನು ಬಹುಮಟ್ಟಿಗೆ ಸಡಿಲಿಸಿದವು. ಬಾಗಿಲು ತೆರೆದಿದೆ. ಆದರೆ ಒಳಗೆ ಹೋದವರು ಯಾರು? ನಿವೇಶನ ಮಾರುವವರು, ಗಣಿ ಗುತ್ತಿಗೆ ಬೇಡುವವರು, ರಸ್ತೆ ಯೋಜಿಸುವವರು ಹೋದರು. ಬೆಟ್ಟದ ಬುಡದ ಶಾಲೆಯ ಗೋಡೆಯಲ್ಲಿ ಭಾರತದ ನಕ್ಷೆಯಿದೆ, ಪ್ರಪಂಚದ ನಕ್ಷೆಯಿದೆ. ಆ ಊರಿನ ಬೆಟ್ಟದ ನಕ್ಷೆಯೂ ಇರುವ ಶಾಲೆಗಳು ಎಷ್ಟಿವೆ?

ಬೆಟ್ಟಕ್ಕೆ ಯಾವ ಓಟವೂ ಬೇಡ, ಹೊರಗಿನವರನ್ನು ಬಿಡಲೇಬಾರದು ಎಂದು ವಾದಿಸುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ದೇಶದ ರಣಹದ್ದುಗಳನ್ನು ಅಳಿವಿನ ಅಂಚಿಗೆ ತಳ್ಳಿತ್ತು. ಅದರ ಪಶುವೈದ್ಯಕೀಯ ಬಳಕೆಯನ್ನು 2006ರಲ್ಲಿ ನಿಷೇಧಿಸಿದ ಮೇಲೂ ಸಂತತಿ ಚೇತರಿಸಿಕೊಳ್ಳಲು ದಶಕಗಳು ಬೇಕು. ಏಕೆಂದರೆ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದು ಕಡಿಬಂಡೆಯ ಚಾಚಿನಲ್ಲಿ ಮೊಟ್ಟೆಯಿಟ್ಟು ಕಾವು ಕೂರುವುದು ಚಳಿಗಾಲದಲ್ಲಿ. ಓಟಗಾರರಿಗೆ ಹಿತವಾದ ಹವೆಯೂ ಚಳಿಗಾಲದ್ದೇ. ಕನಕಪುರದ ಕಡೆ ಕಾವೇರಿ ವನ್ಯಧಾಮದ ಆನೆಗಳಿವೆ. ಅವು ಚನ್ನಪಟ್ಟಣದ ತೆಂಗಿನಕಲ್ಲು ಕಾಡಿನವರೆಗೂ ಬರುತ್ತವೆ, ರಾತ್ರಿ ಹೊಲಕ್ಕಿಳಿಯುತ್ತವೆ. ಕರಡಿ ಮತ್ತು ಚಿರತೆಗಳ ಸಂಚಾರವೂ ಕತ್ತಲಲ್ಲಿಯೇ. ತಲೆಗೆ ದೀಪ ಕಟ್ಟಿಕೊಂಡ ನೂರು ಜನ ಕಾಡಿನಲ್ಲಿ ಹರಿದಾಡಿದರೆ ಹೆದರಿದ ಆನೆ ಓಡುವುದು ಊರಿನ ಕಡೆಗೆ. ಅದರ ಬೆಲೆಯನ್ನು ಮರುದಿನ ತೆರುವವರು ರೈತರು, ಓಟಗಾರರಲ್ಲ.

ಹಾಗಿದ್ದರೂ ಪೂರ್ಣ ನಿಷೇಧ ಸರಿಯಾದ ಉತ್ತರವಲ್ಲ. ಯಾರೂ ಕಾಲಿಡದ ಬೆಟ್ಟದ ಮೇಲೆ ಯಾರ ಕಣ್ಣೂ ಇರುವುದಿಲ್ಲ, ಕಣ್ಣಿಲ್ಲದ ಕಡೆ ಸಿಡಿಮದ್ದು ಸುಲಭವಾಗಿ ಸಿಡಿಯುತ್ತದೆ. ನಿಷೇಧ ಬಂದಾಗ ಮೊದಲು ಹೊರಗುಳಿಯುವವರು ಯಾರೆಂಬುದೂ ತಿಳಿದದ್ದೇ. ಕುರಿ ಮೇಯಿಸುವವರು, ಸೌದೆ ಆಯುವವರು, ಜೇನು ಮತ್ತು ಗೆಡ್ಡೆಗಳನ್ನು ನಂಬಿ ಬಾಳಿದ ಇರುಳಿಗರು. ಸೌದೆಯ ಹೊರೆ ಹೊತ್ತ ಹೆಂಗಸನ್ನು ತಡೆಯುವ ನಿಯಮ ಎದೆಗೆ ಅಂಕಿ ಕಟ್ಟಿಕೊಂಡವನಿಗೆ ಮಾತ್ರ ಸಡಿಲವಾಗುವುದಾದರೆ ಅದನ್ನು ಪರಿಸರ ರಕ್ಷಣೆ ಎನ್ನಲಾಗದು. ಬೇಕಾದದ್ದು ಷರತ್ತು. ಆ ಷರತ್ತುಗಳನ್ನು ವಿಧಿಸುವ ಅಧಿಕಾರ ಬೆಟ್ಟದ ಊರುಗಳಿಗೆ ಇರಬೇಕು.

ಮೊದಲನೆಯದು ಜಾಗ ಮತ್ತು ಕಾಲದ ಷರತ್ತು. ಓರಿಯೆಂಟಿಯರಿಂಗ್ ನಕ್ಷೆಗಳಲ್ಲಿ ಪ್ರವೇಶವಿಲ್ಲದ ಜಾಗವನ್ನು ನೇರಳೆ ಗೆರೆಗಳಿಂದ ತುಂಬುತ್ತಾರೆ. ಅಲ್ಲಿ ಕಾಲಿಟ್ಟವರು ಸ್ಪರ್ಧೆಯಿಂದ ಹೊರಬೀಳುತ್ತಾರೆ. ರಣಹದ್ದಿನ ಕಡಿಬಂಡೆ, ಆನೆಯ ದಾರಿ, ಪೈರು ನಿಂತ ಹೊಲ, ದೇವರ ಬನ ಇವೆಲ್ಲಕ್ಕೂ ಆ ನೇರಳೆ ಗೆರೆ ಬೀಳಬೇಕು. ಆನೆ ಸಂಚರಿಸುವ ಕಾಡಿನಲ್ಲಿ ರಾತ್ರಿಯ ಓಟ ಕೂಡದು. 24 ಗಂಟೆಯ ಬದಲು ಬೆಳಗಿನಿಂದ ಸಂಜೆಯವರೆಗಿನ ಓಟ ನಡೆಸಿದರೆ ಆಟದ ಮಾನ ಹೋಗುವುದಿಲ್ಲ. ಬಂಡೆಯ ಮೇಲೆ ಬಣ್ಣದ ಬಾಣಗಳನ್ನು ಬರೆಯುವುದಂತೂ ಈ ಆಟಕ್ಕೆ ಬೇಕಾಗಿಯೇ ಇಲ್ಲ, ದಾರಿ ತೋರಿಸದಿರುವುದೇ ಇದರ ನಿಯಮ.

ಎರಡನೆಯದು ಆಡುವವರ ಷರತ್ತು. ಹೊರಗಿನಿಂದ ಬರುವ ತಂಡಗಳ ಜೊತೆಗೆ ಬೆಟ್ಟದ ಊರುಗಳ ವಿದ್ಯಾರ್ಥಿಗಳ ತಂಡಗಳೂ ಶುಲ್ಕವಿಲ್ಲದೆ ಓಡಬೇಕು. ಇದಕ್ಕೆ ಬೇಕಾದ ವಿದ್ಯೆ ಕಷ್ಟದ್ದಲ್ಲ. ಒಂದಕ್ಕೆ ಐವತ್ತು ಸಾವಿರದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಎರಡು ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರ, ಐದು ರೇಖೆ ದಾಟಿದರೆ 100 ಮೀಟರ್ ಏರಿದಂತೆ. ರೇಖೆಗಳು ಒತ್ತಾಗಿದ್ದರೆ ಕಡಿದಾದ ಏರು, ದೂರವಿದ್ದರೆ ಇಳಿಜಾರು. ಓಟಕ್ಕೆಂದೇ ಬರೆಯುವ ಹತ್ತು ಅಥವಾ ಹದಿನೈದು ಸಾವಿರದ ದೊಡ್ಡ ನಕ್ಷೆಯಲ್ಲಿ ಬಯಲು ಹಳದಿ, ನೀರು ನೀಲಿ, ಬಂಡೆ ಕಪ್ಪು. ಸಲೀಸಾಗಿ ಓಡಬಹುದಾದ ಕಾಡು ಬಿಳಿ, ನುಸುಳಲಾಗದ ಪೊದೆ ಕಡುಹಸಿರು. ಲಂಟಾನ ಎಲ್ಲಿ ದಟ್ಟವಾಗಿದೆ, ಯಾವ ದೊಣೆಯಲ್ಲಿ ಶಿವರಾತ್ರಿಯವರೆಗೂ ನೀರು ನಿಲ್ಲುತ್ತದೆ ಎಂಬುದನ್ನು ಕುರಿ ಕಾಯುವ ಹುಡುಗ ಹೇಳಬಲ್ಲ. ಅವನಿಗೆ ಆ ಜ್ಞಾನವನ್ನು ಕಾಗದದ ಮೇಲೆ ಇಳಿಸುವ ಅಭ್ಯಾಸವೊಂದೇ ಬೇಕಾಗಿರುವುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಓಟಕ್ಕಾಗಿ ನೆಲ ಅಳೆದು ತಯಾರಿಸಿದ ನಕ್ಷೆಯ ಪ್ರತಿ ಆಯಾ ಗ್ರಾಮ ಪಂಚಾಯಿತಿಗೂ ಶಾಲೆಗೂ ಬರಬೇಕು. ನಕ್ಷೆ ತಯಾರಿಸುವಾಗ ಜೊತೆಗೆ ನಡೆದ ಊರಿನವರಿಗೆ ತಕ್ಕ ಕೂಲಿ ಸಲ್ಲಬೇಕು. ಹಳೆಯ ಹಾಳೆಯಲ್ಲಿದ್ದು ನೆಲದ ಮೇಲೆ ಇಲ್ಲದ ಬೆಟ್ಟ, ಕೆರೆ, ಕಾಲುದಾರಿಗಳನ್ನು ಸ್ಪರ್ಧಿಗಳು ಗುರುತು ಮಾಡಿ ಒಪ್ಪಿಸಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಜನತಾ ದಾಖಲೆಯನ್ನು ಇಡಬೇಕಾಗಿದೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸಮುದಾಯದ ಹಕ್ಕು ಕೇಳುವವರು ತಮ್ಮ ಎಲ್ಲೆಯನ್ನು ತೋರಿಸಬೇಕಾಗುತ್ತದೆ. ಗಣಿ ಗುತ್ತಿಗೆಗೆ ಆಕ್ಷೇಪಣೆ ಸಲ್ಲಿಸುವಾಗ ‘ಅಲ್ಲಿ ಬೆಟ್ಟವಿತ್ತು’ ಎಂಬ ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಇಂತಿಷ್ಟು ಎತ್ತರದ ಬೆಟ್ಟ ಇಂಥ ಕಡೆ ಇತ್ತು, ಇಂಥ ದಿನ ನೋಡಿದಾಗ ಇರಲಿಲ್ಲ ಎಂದು ನಕ್ಷೆಯ ಮೇಲೆ ತೋರಿಸಿದರೆ ಉತ್ತರ ಕೊಡಬೇಕಾಗುತ್ತದೆ.

ಈ ಷರತ್ತುಗಳಿಗೆ ಒಪ್ಪದವರು ಬೇರೆ ಅಂಗಳ ನೋಡಿಕೊಳ್ಳಲಿ. ಒಪ್ಪಿ ಬರುವವರಿಗೆ ಬೆಟ್ಟದ ಊರುಗಳು ಮಜ್ಜಿಗೆ ಕೊಟ್ಟು ಸ್ವಾಗತಿಸಲಿ. ಮೊದಲ ಬಾರಿಗೆ ಓಡಿ, ಬಳಲಿ, ಮುಳ್ಳು ಗೀರಿದ ಕಾಲುಗಳಲ್ಲಿ ಗುರಿ ಮುಟ್ಟಿದ ಹುಡುಗನೋ ಹುಡುಗಿಯೋ ಬೆವರಿಗೆ ಒದ್ದೆಯಾದ ನಕ್ಷೆಯನ್ನು ಬಿಡಿಸಿ, ‘ಇಲ್ಲಿ ಮೂರು ಸುತ್ತಿನ ದಿಣ್ಣೆ ಇರಬೇಕಿತ್ತು, ಈಗ ಇಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದು ಊರಿನವರ ಕೈಗೆ ಕೊಡಲಿ. ಪದಕವನ್ನು ಆಮೇಲೆ ಕೊಡಬಹುದು.