ಮನೆ ಮಾರುವ ಮುನ್ನ ಸುಣ್ಣಬಣ್ಣವೊಂದೇ ಸಾಲದು

ಸದಸ್ಯ ಬಾಂಧವರಲ್ಲಿ ಹಲವರು ಈಗೀಗ ಸಂಘದ ಕಛೇರಿಗೆ ಬರುವುದು ಗೊಬ್ಬರಕ್ಕಾಗಲಿ ಮೈಲುತುತ್ತಕ್ಕಾಗಲಿ ಅಲ್ಲ. "ಬಾಕಿ ಎಷ್ಟಿದೆ ನೋಡಿ, ಮನೆ-ತೋಟ ಕೊಡುವ ಯೋಚನೆ ಇದೆ" ಎನ್ನಲು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದ್ದಾರೆ, ಕೊನೆ ತೆಗೆಯುವವರು ಸಿಗುವುದಿಲ್ಲ, ಎಲೆಚುಕ್ಕಿ ರೋಗ ಬಿಡುತ್ತಿಲ್ಲ, ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು. ಮಾರುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮಗೆ ಬೇಡ, ಅದು ಅವರವರ ಸಂಸಾರದ ವಿಚಾರ. ಆದರೆ ಮಾರುವುದೆಂದು ನಿಶ್ಚಯವಾದೊಡನೆ ನಮ್ಮವರು ಮೊದಲು ಕರೆಸುವುದು ಬಣ್ಣ ಬಳಿಯುವವನನ್ನು. ನಮ್ಮ ತಕರಾರು ಇರುವುದು ಅಲ್ಲಿ.

ಹಿಂದೆ ತೋಟದ ಮನೆ ಕೊಳ್ಳುತ್ತಿದ್ದವರು ಹೆಚ್ಚಾಗಿ ನೆರೆಯವರು ಅಥವಾ ನೆಂಟರು. ಕೆರೆಯ ನೀರಿನ ಸರದಿ ಯಾರದು, ಅಂಗಳದ ಬದಿಯ ಕಾಲುದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಹೇಳದೆಯೇ ಗೊತ್ತಿತ್ತು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಈಗ ಬರುವವರು ಕಾರಿನಲ್ಲಿ ವಕೀಲರನ್ನು ಕೂರಿಸಿಕೊಂಡು ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇದುವರೆಗೆ ಬಾಯಿಮಾತಿನಲ್ಲಿ ನಡೆದುಬಂದದ್ದನ್ನೆಲ್ಲ ಮಾರುವವನು ಕಾಗದಕ್ಕೆ ಇಳಿಸಲೇಬೇಕಾಗಿದೆ. ಮನೆ ಸಜ್ಜುಗೊಳಿಸುವುದೆಂದರೆ ಈಗ ಇದೇ.

ಕಟ್ಟಡದ ಮಾತನ್ನು ಬೇಗ ಮುಗಿಸುತ್ತೇವೆ. ಕಾವಿ ನೆಲ ಕಿತ್ತು ಟೈಲ್ಸ್ ಹಾಕಿಸುವುದು, ಹಲಸಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುವುದು ದಂಡ. ಹಳೆಯ ಮನೆ ಅರಸಿ ಬರುವವನಿಗೆ ಬೇಕಾಗಿರುವುದೇ ಆ ನೆಲ, ಆ ಕಂಬ. ಅದೇ ಹಣದಲ್ಲಿ ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹಿಡಿದ ರೀಪು ತೆಗೆಸಿ, ಪಕಾಸಿಗಳಿಗೆ ಗೇರೆಣ್ಣೆ ಕೊಡಿಸಿ. ಕೆತ್ತನೆಯ ಬಾಗಿಲನ್ನು ಹಳೆ ಸಾಮಾನಿನ ವ್ಯಾಪಾರಿಗೆ ಮೊದಲೇ ಕೊಟ್ಟು ಆಮೇಲೆ ಮನೆಗೆ ಗಿರಾಕಿ ಹುಡುಕುವವರೂ ಇದ್ದಾರೆ; ಅವರಿಗೆ ಏನು ಹೇಳುವುದು? ಇನ್ನೊಂದು ಮಾತು. ಬಾವಿಯನ್ನು ಏಪ್ರಿಲ್‌ನಲ್ಲೂ ಮಾಡನ್ನು ಜುಲೈಯಲ್ಲೂ ತೋರಿಸಬೇಕು. ಡಿಸೆಂಬರಿನ ಬಿಸಿಲಲ್ಲಿ ಎಲ್ಲ ಮನೆಗಳೂ ಚಂದವೇ.

ಇನ್ನು ಕಾಗದಪತ್ರ. ಪಹಣಿಯ 9ನೇ ಕಾಲಂನಲ್ಲಿ ಇಂದಿಗೂ ಅಜ್ಜನ ಹೆಸರೇ ಇರುವ ಸದಸ್ಯರಿದ್ದಾರೆ. ಪೌತಿ ಖಾತೆ ಮಾಡಿಸದೆ ಒಂದು ಹೆಜ್ಜೆಯೂ ಮುಂದಿಡಲಾಗದು. 11ನೇ ಕಾಲಂನಲ್ಲಿ ತೀರಿಸಿದ ಸಾಲಗಳ ಋಣವೂ ಹಾಗೆಯೇ ಕುಳಿತಿರುತ್ತದೆ. ಸಂಘದಿಂದ ಬೇಬಾಕಿ ಪತ್ರ ಒಯ್ದು ಪೆಟ್ಟಿಗೆಯಲ್ಲಿಟ್ಟರೆ ಅದು ತಾನಾಗಿ ಅಳಿಯುವುದಿಲ್ಲ, ಕಂದಾಯ ಕಛೇರಿಗೆ ಕೊಟ್ಟು ತೆಗೆಸಬೇಕು. ನಮ್ಮಲ್ಲಿ ಬಹಳ ಮನೆಗಳು ತೋಟದ ಸರ್ವೆ ನಂಬರಿನಲ್ಲೇ ಇವೆ. ಮನೆಯನ್ನೂ ಸುತ್ತಲಿನ ಜಾಗವನ್ನೂ ಮಾತ್ರ ಮಾರಿ ಉಳಿದ ತೋಟ ಇಟ್ಟುಕೊಳ್ಳುವವರು 11ಇ ನಕ್ಷೆಗೆ ಮೊದಲೇ ಅರ್ಜಿ ಕೊಡಲಿ. ಮನೆಗೂ ಜಮೀನಿಗೂ ಬೆಲೆಯನ್ನು ಪ್ರತ್ಯೇಕವಾಗಿ ಕಾಣಿಸುವುದು ಒಳ್ಳೆಯದು. ಗ್ರಾಮೀಣ ಕೃಷಿ ಜಮೀನಿನ ಮಾರಾಟದ ಲಾಭಕ್ಕೆ ಆದಾಯ ತೆರಿಗೆ ಇಲ್ಲ, ಮನೆಗೆ ಆ ರಿಯಾಯಿತಿ ಇಲ್ಲ.

ನಾವು ಕಂಡಂತೆ ವ್ಯವಹಾರ ಮುರಿಯುವುದು ಇದಾವುದರಲ್ಲೂ ಅಲ್ಲ, ಹೆಣ್ಣುಮಕ್ಕಳ ಪಾಲಿನಲ್ಲಿ. ಕರ್ನಾಟಕವು 1994ರಲ್ಲೇ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ಹೊತ್ತಿಗೆ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಉಂಟೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಮಾತು ಬೇರೆ. ಊರ ಹಿರಿಯರು ಜಗಲಿಯಲ್ಲಿ ಕೂತು ಬಾಯಲ್ಲಿ ಹೇಳಿದ ಪಾಲು ಕೋರ್ಟಿನಲ್ಲಿ ಸುಲಭಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ಮುಂಗಡ ಹಿಡಿಯುವ ಮುನ್ನವೇ ಅಕ್ಕತಂಗಿಯರನ್ನು ಕರೆಸಿ, ಮಾರುವ ವಿಚಾರವನ್ನೂ ಬರುವ ಹಣದಲ್ಲಿ ಅವರ ಭಾಗವನ್ನೂ ಬಾಯಿಬಿಟ್ಟು ಹೇಳಬೇಕು. ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಅವರು ಹುಟ್ಟಿ ಬೆಳೆದ ಮನೆಯೂ ಅದೇ ತಾನೆ?

ನಮ್ಮದಲ್ಲದ್ದನ್ನು ನಮ್ಮದೆಂದು ತೋರಿಸುವ ಚಾಳಿಯೂ ಇದೆ. ಸೊಪ್ಪಿನಬೆಟ್ಟ, ಕುಮ್ಕಿ ಇವುಗಳಲ್ಲಿ ನಮಗಿರುವುದು ಸವಲತ್ತು ಮಾತ್ರ, ಒಡೆತನವಲ್ಲ. ಅದನ್ನೂ ಎಕರೆ ಲೆಕ್ಕಕ್ಕೆ ಸೇರಿಸಿ ಬೆಲೆ ಹೇಳಿದರೆ ನಾಳೆ ಮೊಕದ್ದಮೆ. ಕೆರೆ ನೀರಿನ ಸರದಿ, ಹಿಂದಿನ ಮನೆಯವರ ದಾರಿ, ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಬಂದು ತನು ಎರೆಯುವ ನಾಗಬನ, ಇವನ್ನು ಚಕ್ಕುಬಂದಿಯ ಜೊತೆಗೆ ಕ್ರಯಪತ್ರದಲ್ಲೇ ಬರೆಸಬೇಕು. ಗೇಟಿಗೆ ಬೀಗ ಬಿದ್ದ ಮೇಲೆ ಹೊಸಬರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಹೇಳಿದವರು ಯಾರು?

ಕಡೆಯದಾಗಿ, ಲೈನ್ ಮನೆಯಲ್ಲಿರುವವರು. ಮೂವತ್ತು ವರ್ಷ ಔಷಧಿ ಹೊಡೆದು, ಕಾಫಿ ಕುಯ್ದು, ಮನೆಯ ಹೆಂಚನ್ನೂ ಕೈಯಾಡಿಸಿದ ಕುಟುಂಬಕ್ಕೆ ಮಾರಾಟದ ಸುದ್ದಿ ಕೊನೆಗೆ ತಿಳಿಯುವುದು ದಲ್ಲಾಳಿಯಿಂದ. "ಖಾಲಿ ಮಾಡಿಸಿ ಕೊಡುತ್ತೇವೆ" ಎಂದು ಗಿರಾಕಿಗೆ ಮಾತು ಕೊಡುವ ಮುನ್ನ ಅವರ ಜೊತೆ ಕೂತು ಮಾತಾಡಿ. ಬರಬೇಕಾದ ಗ್ರಾಚುಟಿ, ಬೋನಸ್ಸು ಲೆಕ್ಕ ಹಾಕಿ ಚುಕ್ತಾ ಮಾಡಿ. ಹೊಸ ಮಾಲೀಕರು ಇಟ್ಟುಕೊಳ್ಳುವುದಾದರೆ ಅದನ್ನು ಅವರಿಂದಲೇ ಹೇಳಿಸಿ. ಇಲ್ಲವಾದರೆ ಹುಡುಗರ ಪರೀಕ್ಷೆ ಮುಗಿಯುವವರೆಗಾದರೂ ಅವಧಿ ಕೇಳಿ ಪಡೆಯಿರಿ. ಸಾಲದ ತಖ್ತೆ ಬೇಕಾದವರು ಪಾಸ್‌ಬುಕ್ಕಿನೊಡನೆ ಕಛೇರಿಗೆ ಬಂದರೆ ಅಂದೇ ಬರೆದುಕೊಡುತ್ತೇವೆ.