ವೇಗದ ಒಂದು ಸುತ್ತು

ಭಾನುವಾರದ ಬೆಳಗಿನ ಹೊತ್ತು ನಂದಿಬೆಟ್ಟದ ಘಾಟಿಯನ್ನು ಏರಿದವರಿಗೆ ಒಂದು ನೋಟ ಚಿರಪರಿಚಿತವಾದುದು. 1,478 ಮೀಟರ್ ಎತ್ತರದ ನೆತ್ತಿಯನ್ನು ಬಿಸಿಲೇರುವ ಮೊದಲೇ ಸೇರಬೇಕೆಂಬ ಆತುರದಲ್ಲಿ ಬೆಂಗಳೂರಿನ ಕಾರುಗಳೂ ಮೋಟಾರು ಸೈಕಲುಗಳೂ ಸಾಲುಗಟ್ಟಿ ಬರುತ್ತವೆ. ಇತ್ತ ಚಿಕ್ಕಬಳ್ಳಾಪುರದ ಕಡೆಯ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟ ಸಂಸಾರಗಳು. ತಿರುವಿಗೊಮ್ಮೆ ಬಸ್ಸಿನೊಳಗಿನ ಜನವೆಲ್ಲ ಒಂದೇ ಪಕ್ಕಕ್ಕೆ ವಾಲುತ್ತಾರೆ. ತಾಯಿ ಮಗುವನ್ನು ಮಡಿಲಿಗೆ ಒತ್ತಿಕೊಳ್ಳುತ್ತಾಳೆ. ಯಾರದೋ ಚೀಲದಿಂದ ಕಿತ್ತಳೆಯೊಂದು ಉರುಳಿ ಚಾಲಕನ ಬಳಿಗೆ ಹೋಗುತ್ತದೆ. ಅಷ್ಟರಲ್ಲಿ ಮಂಜಿನೊಳಗಿಂದ ಮೋಟಾರು ಸೈಕಲೊಂದು ನೆಲಕ್ಕೆ ಮೊಣಕಾಲು ತಾಗುವಷ್ಟು ಬಾಗಿ, ರಸ್ತೆಯಲ್ಲಿ ತನ್ನ ಪಾಲನ್ನು ಬಿಟ್ಟು ಬಸ್ಸಿನ ಪಾಲಿಗೆ ನುಗ್ಗಿ, ಕೂದಲೆಳೆಯ ಅಂತರದಲ್ಲಿ ಪಾರಾಗಿ ಹೋಗುತ್ತದೆ. ಅದನ್ನು ಓಡಿಸುವ ಹುಡುಗನ ಮನಸ್ಸಿನಲ್ಲಿ ಬಸ್ಸೂ ಇಲ್ಲ, ಮಗುವೂ ಇಲ್ಲ. ತಾನೊಬ್ಬ ಪಂದ್ಯದ ಓಟಗಾರನೆಂಬ ಭಾವನೆಯೊಂದೇ ಇದೆ.

ನಿಜವಾದ ಪಂದ್ಯದ ಓಟಗಾರ ಏನು ಮಾಡುತ್ತಾನೆಂಬುದು ಈ ಹುಡುಗನಿಗೆ ತಿಳಿದರೆ ಅವನಿಗೆ ನಿರಾಶೆಯಾದೀತು. ವೇಗದ ಸುತ್ತೊಂದನ್ನು ಓಡಿಸುವ ವಿದ್ಯೆಯ ಬಹುಭಾಗ ವೇಗವನ್ನು ಕಳೆದುಕೊಳ್ಳುವ ವಿದ್ಯೆ.

ಚಿಂತಾಮಣಿಯ ತರುಣನೊಬ್ಬ ಆ ವಿದ್ಯೆಯನ್ನು ಕಲಿಯಬೇಕೆಂದು ಹೊರಟನೆಂದೇ ಇಟ್ಟುಕೊಳ್ಳಬಹುದು. ಅವನು ಶ್ರೀನಿವಾಸಪುರ, ಮುಳಬಾಗಿಲುಗಳ ಮೇಲೆ ಹಾಯ್ದು, ಆಂಧ್ರದ ಚಿತ್ತೂರನ್ನೂ ತಮಿಳುನಾಡಿನ ರಾಣಿಪೇಟೆಯನ್ನೂ ದಾಟಿ, ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟೆಯನ್ನು ಸೇರಬೇಕು. ಹಿಂದೆ ಮದರಾಸಿನ ಮೋಟಾರು ಪಂದ್ಯಗಳು ಶೋಳಾವರಂ ಎಂಬಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದವು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದು ಅಲ್ಲಿಯೇ. 1990ರಲ್ಲಿ ಇರುಂಗಾಟ್ಟುಕೋಟೆಯ ಪಥ ಸಿದ್ಧವಾಯಿತು. ಅದರ ಉದ್ದ 3.717 ಕಿಲೋಮೀಟರು, ತಿರುವುಗಳು ಹನ್ನೆರಡು. ಎರಡು ನಿಮಿಷಗಳಲ್ಲಿ ಒಂದು ಸುತ್ತು ಮುಗಿಸಬೇಕಾದರೆ ಗಂಟೆಗೆ ಸುಮಾರು 111 ಕಿಲೋಮೀಟರಿನ ಸರಾಸರಿ ಬೇಕು. ಹೆದ್ದಾರಿಯಲ್ಲಿ ಅಷ್ಟು ವೇಗವನ್ನು ಕಂಡಿರುವ ತರುಣನಿಗೆ ಇದೇನು ಮಹಾ ಎನ್ನಿಸುವುದು ಸಹಜ. ಹನ್ನೆರಡು ತಿರುವುಗಳನ್ನೂ ಸೇರಿಸಿಕೊಂಡು ಬಂದ ಸರಾಸರಿ ಅದು ಎಂಬುದು ಮೊದಲನೆಯ ತಿರುವಿನಲ್ಲಿಯೇ ಅರಿವಾಗುತ್ತದೆ.

ಪಕ್ಕದಲ್ಲಿ ಶಿಕ್ಷಕರು ಕುಳಿತಿರುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಚಿಂತಾಮಣಿಯವನಿಗೆ ತಮಿಳು ಬೆರೆತ ಇಂಗ್ಲಿಷ್ ಪಾಠ ಅರ್ಥವಾಗದೆ ಹೋಗುವ ಭಯವಿಲ್ಲ. ಗಡಿನಾಡಿನವರ ಕಿವಿ ಇಂಥದಕ್ಕೆ ಪಳಗಿದ್ದು. ಮೊದಲ ಎರಡು ಮೂರು ಸುತ್ತುಗಳಲ್ಲಿ ಶಿಕ್ಷಕರು ವೇಗದ ಮಾತನ್ನೇ ಎತ್ತುವುದಿಲ್ಲ. ಟೈರುಗಳು ಇನ್ನೂ ತಣ್ಣಗಿರುತ್ತವೆ, ಬ್ರೇಕುಗಳೂ ತಣ್ಣಗಿರುತ್ತವೆ. ಕಾದ ಟೈರಿನ ರಬ್ಬರು ನೆಲವನ್ನು ಕಚ್ಚಿ ಹಿಡಿಯುವಂತೆ ತಣ್ಣನೆಯ ರಬ್ಬರು ಹಿಡಿಯದು. ನಾಲ್ಕು ಟೈರುಗಳೂ ನೆಲವನ್ನು ಮುಟ್ಟುವ ಜಾಗ ಒಂದೊಂದೂ ಅಂಗೈಯಗಲದಷ್ಟು ಮಾತ್ರ. ಸಾವಿರ ಕಿಲೋಗ್ರಾಮಿನ ಕಾರು, ಅದರೊಳಗಿನ ಎರಡು ಜೀವಗಳು, ಎಲ್ಲವೂ ಈ ನಾಲ್ಕು ಅಂಗೈಗಳ ಮೇಲೆ ನಿಂತಿವೆ.

ಆ ನಾಲ್ಕು ಅಂಗೈಗಳ ಹಿಡಿತಕ್ಕೆ ಒಂದು ಮಿತಿಯಿದೆ. ನದಿಯಿಲ್ಲದ ಬಯಲುಸೀಮೆಯ ಮನೆಗಳಲ್ಲಿ ಹೆಂಗಸರು ಒಂದು ಕೊಡ ನೀರನ್ನು ಅಡುಗೆಗಿಷ್ಟು, ಪಾತ್ರೆಗಿಷ್ಟು ಎಂದು ಹಂಚುವಂತೆ ಈ ಹಿಡಿತವನ್ನು ಹಂಚಬೇಕಾಗುತ್ತದೆ. ಕೊಡದ ನೀರನ್ನೆಲ್ಲ ಬ್ರೇಕಿಗೇ ಸುರಿದರೆ ತಿರುಗುವುದಕ್ಕೆ ಉಳಿಯುವುದಿಲ್ಲ. ತಿರುವಿನ ನಡುವೆ ಬ್ರೇಕನ್ನು ಬಲವಾಗಿ ಒತ್ತಿದವನ ಕಾರು, ಮುಂದಿನ ಚಕ್ರಗಳು ತಿರುಗಿಕೊಂಡಿದ್ದರೂ, ನೇರವಾಗಿ ಹೊರಕ್ಕೆ ಜಾರಿ ಹೋಗುವುದು ಈ ಲೆಕ್ಕದಿಂದಲೇ. ಗಾಬರಿಗೊಂಡು ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಎತ್ತಿದರೆ ಇನ್ನೊಂದು ಬಗೆಯ ಅನಾಹುತ: ಭಾರವೆಲ್ಲ ಮುಂದಕ್ಕೆ ಧಾವಿಸಿ ಹಿಂದಿನ ಚಕ್ರಗಳು ಹಗುರಾಗುತ್ತವೆ, ಕಾರು ಬುಗುರಿಯಂತೆ ತಿರುಗುತ್ತದೆ. ಆದುದರಿಂದ ಹೊಸಬನಿಗೆ ಮೊದಲ ಪಾಠ ಇದು: ಬ್ರೇಕಿನ ಕೆಲಸವನ್ನು ರಸ್ತೆ ನೇರವಾಗಿರುವಾಗಲೇ ಮುಗಿಸಬೇಕು. ಕೈ ಪಳಗಿದ ಮೇಲೆ, ಸ್ಟಿಯರಿಂಗ್ ಚಕ್ರ ತಿರುಗಿದಷ್ಟೇ ಬ್ರೇಕನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ ತಿರುವಿನೊಳಕ್ಕೆ ಹೋಗುವ ಕುಶಲತೆ ಬರುತ್ತದೆ.

ಈ ಮೆಲ್ಲಮೆಲ್ಲನೆ ಎಂಬುದರ ಅರ್ಥ ಶಿಡ್ಲಘಟ್ಟದವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಬಿಚ್ಚಾಣಿಕೆ ಮನೆಗಳಲ್ಲಿ ಬಿಸಿನೀರಿನ ಗೂಡಿನಿಂದ ರೇಷ್ಮೆಯ ಎಳೆಯನ್ನು ತೆಗೆಯುವಾಗ ಎಳೆತ ಒಂದೇ ಸಮನಾಗಿರಬೇಕು. ಒಮ್ಮೆ ಜಗ್ಗಿದರೆ ಎಳೆ ಹರಿಯಿತು, ಮತ್ತೆ ತುದಿ ಹುಡುಕಬೇಕು. ಟೈರಿನ ಹಿಡಿತವೂ ಅಂಥದೇ ಎಳೆ. ಒಳ್ಳೆಯ ಓಟಗಾರನ ಕೈಗಳನ್ನು ನೋಡಿದವರಿಗೆ ಅವನು ಆತುರದಲ್ಲಿದ್ದಾನೆಂದೇ ತೋರುವುದಿಲ್ಲ.

ಇನ್ನು ಬ್ರೇಕು ಒತ್ತುವ ಜಾಗದ ವಿಚಾರ. ಪಥದ ಅಂಚಿನಲ್ಲಿ, ತಿರುವು ಇನ್ನೆಷ್ಟು ಮೀಟರು ಎಂದು ಸಾರುವ ಫಲಕಗಳಿರುತ್ತವೆ. ಗಂಟೆಗೆ 160 ಕಿಲೋಮೀಟರಿನಲ್ಲಿ ಬರುತ್ತಿರುವ ಕಾರು 60ಕ್ಕೆ ಇಳಿದು ತಿರುಗಬೇಕಾಗಿದೆಯೆಂದು ಭಾವಿಸಿದರೆ, ಒಣಗಿದ ನೆಲದ ಮೇಲೆ ಒಳ್ಳೆಯ ಬ್ರೇಕಿಗೆ ಸುಮಾರು 96 ಮೀಟರು ಬೇಕು. ತರುಣ ಧೈರ್ಯ ಮಾಡಿ ಹದಿನೈದು ಮೀಟರು ತಡವಾಗಿ ಒತ್ತಿದನೆನ್ನೋಣ. ಆ ವೇಗದಲ್ಲಿ ಹದಿನೈದು ಮೀಟರೆಂದರೆ ಒಂದು ಸೆಕೆಂಡಿನ ಮೂರನೆಯ ಒಂದು ಪಾಲು. ಅಷ್ಟು ತಡದಿಂದ ಏನು ಮಹಾ ಕೆಡುತ್ತದೆ ಎನ್ನಿಸಬಹುದು. ಆದರೆ ತಿರುವಿನ ಬಾಯಿಗೆ ಬಂದಾಗ ಅವನ ವೇಗ 60 ಆಗಿರುವುದಿಲ್ಲ, 84ರಷ್ಟಿರುತ್ತದೆ. 84ರಲ್ಲಿ ಅದೇ ತಿರುವನ್ನು ತಿರುಗಲು 60ಕ್ಕೆ ಬೇಕಾದುದರ ಸುಮಾರು ಎರಡರಷ್ಟು ಹಿಡಿತ ಬೇಕು. ವೇಗದ ವರ್ಗಕ್ಕೆ ಅನುಗುಣವಾಗಿ ಏರುವ ಲೆಕ್ಕ ಅದು. ಕೊಡದಲ್ಲಿ ಅಷ್ಟು ನೀರಿಲ್ಲ. ಕಾರು ಪಥವನ್ನು ಬಿಟ್ಟು ಮಣ್ಣಿಗಿಳಿಯುತ್ತದೆ.

ಇರುಂಗಾಟ್ಟುಕೋಟೆಯಲ್ಲಿ ಹಾಗೆ ಇಳಿದವನಿಗೆ ಬಾಯಿತುಂಬ ಧೂಳು, ಮನಸ್ಸಿನ ತುಂಬ ನಾಚಿಕೆ. ಪಥದ ಆಚೆ ಬಯಲನ್ನು ಅದಕ್ಕಾಗಿಯೇ ಬಿಟ್ಟಿರುತ್ತಾರೆ. ಅದರ ಕೊನೆಯಲ್ಲಿ ಟೈರುಗಳ ಒಟ್ಟಿಲು. ಪತಾಕೆ ಹಿಡಿದು ನಿಂತವರು ಹಳದಿ ಬಾವುಟ ಬೀಸಿ ಹಿಂದೆ ಬರುವವರನ್ನು ಎಚ್ಚರಿಸುತ್ತಾರೆ. ಎದುರಿನಿಂದ ಬರುವ ವಾಹನವೆಂಬುದೇ ಇಲ್ಲ, ಎಲ್ಲರೂ ಹೋಗುವುದು ಒಂದೇ ದಿಕ್ಕಿಗೆ. ವೈದ್ಯರ ಗಾಡಿ ಸಿದ್ಧವಾಗಿ ನಿಂತಿರುತ್ತದೆ. ತಲೆಗೆ ಶಿರಸ್ತ್ರಾಣ, ಎದೆಗೆ ಪಟ್ಟಿ. ಇಷ್ಟಾದರೂ ಈ ಆಟದಲ್ಲಿ ಜೀವ ಹೋದುದುಂಟು. ಅದನ್ನು ಮರೆಮಾಚಿ ಹೇಳುವುದು ಸರಿಯಲ್ಲ. ಆದರೆ ಇಲ್ಲಿ ತಪ್ಪಿದವನ ತಪ್ಪಿಗೆ ಬೆಲೆ ತೆರುವವರು, ಒಪ್ಪಿ ಬಂದವರು. ನಂದಿಯ ಘಾಟಿಯಲ್ಲಿ ಹದಿನೈದು ಮೀಟರಿನ ತಪ್ಪಿನ ಆಚೆ ಇರುವುದು ಬಯಲಲ್ಲ. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ಎದುರಿಗೆ ಆ ಬಸ್ಸು.

ಬ್ರೇಕಿನ ಪಾಠವಾದ ಮೇಲೆ ದಾರಿಯ ಪಾಠ. ಪಥವೇ ದಾರಿಯಲ್ಲವೆ ಎಂದು ಕೇಳುವವರಿರಬಹುದು. ಪಥ ಅಗಲವಾದುದು, ಅದರ ಮೇಲೆ ವೇಗವಾಗಿ ಹೋಗಬಲ್ಲ ಗೆರೆ ಒಂದೇ. ಹೊರ ಅಂಚಿನಿಂದ ಹೊರಟು, ತಿರುವಿನ ಒಳಮೂಲೆಯನ್ನು ಸವರಿ, ಮತ್ತೆ ಹೊರ ಅಂಚಿಗೆ ಬಂದು ಸೇರುವ ಗೆರೆ ಅದು. ಹೀಗೆ ಹೋದಾಗ ತಿರುವಿನ ಕೊಂಕು ಕಡಿಮೆಯಾಗುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಳ್ಳೆಯ ಟೈರುಗಳು ಗಂಟೆಗೆ 80 ಕಿಲೋಮೀಟರನ್ನು ತಡೆಯುವುದಾದರೆ, ಅದೇ ತಿರುವನ್ನು 70 ಮೀಟರ್ ತ್ರಿಜ್ಯವಾಗುವಂತೆ ಸವರಿ ಹೋದವನು 94ರಲ್ಲಿ ಹೋಗಬಲ್ಲ. ಕಾರು ಅದೇ, ಟೈರು ಅದೇ; ಹೆಚ್ಚಿದ್ದು ಜಾಣತನ ಮಾತ್ರ. ಮಂಜಿನ ಮೋಟಾರು ಸೈಕಲಿನ ಹುಡುಗನೂ ಈ ಗೆರೆಯ ಸುದ್ದಿಯನ್ನು ಎಲ್ಲಿಯೋ ಕೇಳಿರುತ್ತಾನೆ. ಬಸ್ಸಿನ ಪಾಲಿಗೆ ಅವನು ನುಗ್ಗಿದ್ದು ಆ ಗೆರೆಯ ಆಸೆಯಿಂದಲೇ. ಅರ್ಧ ಕಲಿತ ವಿದ್ಯೆ!

ಶಿಕ್ಷಕರು ಬಾರಿಬಾರಿಗೂ ಹೇಳುವ ಮಾತು ಇನ್ನೊಂದು. ಒಳಮೂಲೆಯನ್ನು ಆತುರದಿಂದ ಬೇಗ ಮುಟ್ಟಬಾರದು. ಸ್ವಲ್ಪ ತಾಳಿ, ತಡವಾಗಿ ಮುಟ್ಟಬೇಕು. ಬೇಗ ಮುಟ್ಟಿದವನಿಗೆ ಹೊರಬರುವಾಗ ರಸ್ತೆ ಸಾಲದೆ ಹೋಗುತ್ತದೆ, ಆಕ್ಸಿಲರೇಟರನ್ನು ಒತ್ತಲು ಹೆದರಿಕೆ. ತಡವಾಗಿ ಮುಟ್ಟಿದವನ ಮುಂದೆ ರಸ್ತೆ ತೆರೆದುಕೊಳ್ಳುತ್ತದೆ, ಅವನು ಬೇಗ ವೇಗ ಕೂಡಿಸಬಲ್ಲ. ತಿರುವಿನ ಮುಂದೆ 600 ಮೀಟರಿನ ನೇರ ಓಟವಿದ್ದು, ಅಲ್ಲಿನ ಸರಾಸರಿ ವೇಗ 140ರ ಬದಲು 143 ಆದರೆ ಉಳಿಯುವ ಕಾಲ ಸೆಕೆಂಡಿನ ಮೂರನೆಯ ಒಂದು ಭಾಗ. ಪಂದ್ಯದಲ್ಲಿ ಅದೊಂದು ಆಸ್ತಿ. ತಿರುವಿನೊಳಗೆ ಹೊಡೆದಾಡಿ ಗಳಿಸುವುದಕ್ಕಿಂತ ತಿರುವಿನಿಂದ ನೀಟಾಗಿ ಹೊರಬಂದು ಗಳಿಸುವುದೇ ಹೆಚ್ಚು.

ಇದೆಲ್ಲಕ್ಕೂ ಆಧಾರ ಕಣ್ಣು. ಹೊಸಬನ ದೃಷ್ಟಿ ಕಾರಿನ ಮೂತಿಯ ಮುಂದೆಯೇ ನೆಟ್ಟಿರುತ್ತದೆ. ಗೋಡೆಯನ್ನು ಕಂಡು ಹೆದರಿದರೆ ಗೋಡೆಯನ್ನೇ ನೋಡುತ್ತಾನೆ, ನೋಡಿದ ಕಡೆಗೇ ಕೈ ತಿರುಗುತ್ತದೆ. ಪಳಗಿದವನ ಕಣ್ಣು ಯಾವಾಗಲೂ ಒಂದು ಹೆಜ್ಜೆ ಮುಂದು. ಬ್ರೇಕು ಒತ್ತುವಾಗ ಒಳಮೂಲೆಯನ್ನೂ ಒಳಮೂಲೆಗೆ ಬರುವ ಮೊದಲೇ ಹೊರದಾರಿಯನ್ನೂ ನೋಡಿರುತ್ತಾನೆ.

ಹತ್ತಾರು ಸುತ್ತುಗಳಾದ ಮೇಲೆ ಹನ್ನೆರಡು ತಿರುವುಗಳೂ ಬಿಡಿಬಿಡಿಯಾಗಿರದೆ ಒಂದೇ ನೂಲಿನಲ್ಲಿ ಕೋದಂತಾಗುವ ಸುತ್ತೊಂದು ಬರುತ್ತದೆ. ಫಲಕ ಕಂಡಿತು, ಕಾಲು ಬ್ರೇಕಿಗೆ ಹೋಯಿತು, ಪಟ್ಟಿ ಎದೆಯನ್ನು ಬಿಗಿಯಿತು; ಗೇರು ಇಳಿಯಿತು, ಕಾರು ಬಾಗಿತು; ಒಳ ಅಂಚಿನ ಬಣ್ಣದ ಕಲ್ಲುಗಳ ಮೇಲೆ ಚಕ್ರ ಗಡಗಡನೆ ಸದ್ದು ಮಾಡಿತು; ರಸ್ತೆ ತೆರೆಯಿತು, ಕಾಲು ಮತ್ತೆ ಕೆಳಗಿಳಿಯಿತು. ಯೋಚನೆಗೆ ಬಿಡುವಿಲ್ಲ, ಆದರೂ ಗಡಿಬಿಡಿಯಿಲ್ಲ. ತರುಣನಿಗೆ ಆ ಸುತ್ತು ನಿಧಾನವಾದಂತೆ ತೋರಿರುತ್ತದೆ. ಗಡಿಯಾರ ನೋಡಿದರೆ ಅದೇ ಅವನ ಅತ್ಯಂತ ವೇಗದ ಸುತ್ತು. ಹಿಂದೆ ಜೀವದ ಹಂಗು ತೊರೆದು ಓಡಿಸಿದೆನೆಂದು ಅವನು ಬೀಗಿದ್ದ ಸುತ್ತು ಅದಕ್ಕಿಂತ ಎಷ್ಟೋ ಸೆಕೆಂಡು ಹಿಂದೆ.

ಈ ವಿದ್ಯೆಯನ್ನು ಬಾಲ್ಯದಿಂದಲೇ ಸಾಧಿಸಿದ ಕನ್ನಡನಾಡಿನ ಇಬ್ಬರು ಹುಡುಗರು ಇಂದು ಲೋಕದ ಕಣ್ಣಿಗೆ ಬಿದ್ದಿದ್ದಾರೆ: ಬೆಂಗಳೂರಿನ ಸೋದರರಾದ ಅರ್ಜುನ್ ಮೈನಿ ಮತ್ತು ಕುಶ್ ಮೈನಿ. 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಬೆಂಗಳೂರಿನ ಬೀದಿಗೆ ತಂದ ಚೇತನ್ ಮೈನಿಯವರ ಮನೆತನದವರು ಇವರು. ಅರ್ಜುನ್ 2018ರಲ್ಲಿ ಫಾರ್ಮುಲಾ ಟೂ ಪಂದ್ಯಗಳಲ್ಲಿ ಓಡಿ, 2021ರಿಂದ ಜರ್ಮನಿಯ ಡಿ.ಟಿ.ಎಂ. ಪಂದ್ಯಗಳಿಗೆ ಹೋದರು. ತಮ್ಮ ಕುಶ್ 2024ರ ಋತುವಿನ ಮೊದಲ ಪಂದ್ಯಕ್ಕಾಗಿ ಬಹ್ರೇನಿನಲ್ಲಿ ನಡೆದ ಅರ್ಹತಾ ಓಟದಲ್ಲಿ ಎಲ್ಲರಿಗಿಂತ ವೇಗದ ಸುತ್ತನ್ನು ಓಡಿಸಿದರು. ಆದರೆ ಓಟದ ನಂತರದ ತಪಾಸಣೆಯಲ್ಲಿ ಅವರ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಆ ಸುತ್ತನ್ನೇ ಲೆಕ್ಕದಿಂದ ತೆಗೆದುಹಾಕಿದರು. ಓಡಿಸಿದ್ದು ಸುಳ್ಳಲ್ಲ, ಗಡಿಯಾರ ತೋರಿಸಿದ್ದೂ ಸುಳ್ಳಲ್ಲ. ಆದರೂ ಆ ಸುತ್ತು ಇಲ್ಲವಾಯಿತು. ಇಪ್ಪತ್ತಮೂರರ ಹರೆಯದಲ್ಲಿ ಅದನ್ನು ನುಂಗಿಕೊಳ್ಳುವುದು ಸುಲಭವಲ್ಲ. 2025ರ ಮೇ ತಿಂಗಳಲ್ಲಿ ಇದೇ ಕುಶ್ ಮೊನಾಕೊದ ಕಿರು ಪಂದ್ಯವನ್ನು ಗೆದ್ದರು. ಅಲ್ಲಿ ಫಾರ್ಮುಲಾ ಟೂ ಗೆದ್ದ ಮೊದಲ ಭಾರತೀಯರು ಅವರೇ.

ಮೊನಾಕೊದ ಪಥ 3.337 ಕಿಲೋಮೀಟರು, ಹತ್ತೊಂಬತ್ತು ತಿರುವು. ಊರಿನ ಬೀದಿಗಳೇ ಅದರ ಪಥ. ಆದರೆ ಪಂದ್ಯದ ವೇಳೆ ಆ ಬೀದಿಗಳನ್ನು ಮುಚ್ಚಿ, ಇಕ್ಕೆಲಗಳಲ್ಲಿಯೂ ಉಕ್ಕಿನ ಬೇಲಿ ಕಟ್ಟಿ, ಊರಿನವರನ್ನು ಬೇಲಿಯ ಆಚೆ ನಿಲ್ಲಿಸಿರುತ್ತಾರೆ. ನಂದಿಯ ಮಂಜಿನಲ್ಲಿ ಮೊನಾಕೊವನ್ನು ಕಾಣುವ ಹುಡುಗರು ಆ ಬೇಲಿಯನ್ನು ಗಮನಿಸಿದಂತಿಲ್ಲ. ಹಾಗೆಂದು ಅವರನ್ನೇ ಬೈದು ಸುಮ್ಮನಾಗುವುದೂ ನ್ಯಾಯವಲ್ಲ. ಶಿಡ್ಲಘಟ್ಟದ, ಗೌರಿಬಿದನೂರಿನ ಹುಡುಗನ ಕೈಗೆ ಕಂತಿನ ಮೇಲೆ ಗಂಟೆಗೆ 150 ಕಿಲೋಮೀಟರಿನ ಯಂತ್ರ ಸಿಗುತ್ತದೆ. ಅದನ್ನು ಓಡಿಸಿ ನೋಡಲು ಪಥ ಬೇಕೆಂದರೆ ಎರಡು ರಾಜ್ಯಗಳ ಗಡಿ ದಾಟಬೇಕು, ಶುಲ್ಕ ಕಟ್ಟಬೇಕು, ಒಂದು ದಿನದ ಸಂಬಳ ಬಿಡಬೇಕು.

ಚಿಂತಾಮಣಿಯ ತರುಣ ಅಂದು ಸಂಜೆ ಹಿಂದಿರುಗುತ್ತಾನೆ. ಮುಳಬಾಗಿಲು ದಾಟಿ ಶ್ರೀನಿವಾಸಪುರದ ದಾರಿ ಹಿಡಿಯುವ ಹೊತ್ತಿಗೆ ಕತ್ತಲಾಗಿದೆ. ಮಾವಿನ ಕಾಲ, ಮುಂದೆ ಹಣ್ಣು ಹೇರಿದ ಲಾರಿಯೊಂದು ತೂಗಾಡುತ್ತ ಹೋಗುತ್ತಿದೆ. ಪಕ್ಕದಲ್ಲಿ ಕುಳಿತ ಗೆಳೆಯನಿಗೆ ತಾಳ್ಮೆಯಿಲ್ಲ.

“ಏನೋ ಇದು? ಇಡೀ ದಿನ ಹಾಗೆ ಓಡಿಸಿ ಬಂದವನು ಈ ಲಾರಿಯ ಹಿಂದೆ ತೆವಳುತ್ತಿದ್ದೀಯಲ್ಲೋ! ನುಗ್ಗಿಸೋ.”

“ಆ ತಿರುವಿನಾಚೆ ಏನಿದೆಯೋ ಕಾಣುವುದಿಲ್ಲ ಕಣೋ.”

ತಿರುವು ಕಳೆಯಿತು. ಲಾರಿಯ ಚಾಲಕ ಕಿಟಕಿಯಿಂದ ಕೈ ಚಾಚಿ ದಾರಿ ಬಿಟ್ಟ. ಕಾರು ಪಕ್ಕದಲ್ಲಿ ಹಾಯುವಾಗ ಬಾದಾಮಿ ಮಾವಿನ ಪರಿಮಳ ಒಳಗೆ ನುಗ್ಗಿತು. ಗೆಳೆಯ ಗಾಜನ್ನು ಇನ್ನಷ್ಟು ಇಳಿಸಿದ.